ಬೀದಿಯನ್ನೇ ತಿದ್ದಬೇಕು

ಹೋಟೆಲಿನ ಕದವಿಕ್ಕಿ ನಡುರಾತ್ರಿಯಲ್ಲಿ ಕೋಣೆಗೆ ಮರಳುವ ನಮ್ಮ ಹುಡುಗನೊಬ್ಬನಿಗೆ ವಾಹನ ಬಡಿದರೆ, ‘ನೋಡಿಕೊಂಡು ದಾಟಬಾರದಿತ್ತೇ?’ ಎಂದು ಮೊದಲು ಕೇಳುವವರು ನಾವೇ. ನಾನೂ ಹೋಟೆಲು ನಡೆಸಿದವನು. ಅಡುಗೆಮನೆಯ ಒಂದೇ ಮೆಟ್ಟಿಲಿನಲ್ಲಿ ಮೂವರು ಮಾಣಿಗಳು ಎಡವಿದಾಗ ಅವರನ್ನು ಗದರಿಸಿ ಫಲವಾಗಲಿಲ್ಲ. ಗಾರೆಯವನನ್ನು ಕರೆಸಿ ಮೆಟ್ಟಿಲನ್ನು ಸರಿಪಡಿಸಿದ ಮೇಲೆ ಯಾರೂ ಬೀಳಲಿಲ್ಲ. ಬೀದಿಗೂ ಇದೇ ನ್ಯಾಯ ಸಲ್ಲುತ್ತದೆ.

ಮನುಷ್ಯನು ತಪ್ಪುವುದು ಸಹಜ, ಆ ತಪ್ಪಿಗೆ ಪ್ರಾಣವೇ ದಂಡವಾಗಕೂಡದೆಂಬ ತತ್ತ್ವವನ್ನು ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಅಂಗೀಕರಿಸಿತು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬರುವ ವಾಹನವು 60ರ ವೇಗದಲ್ಲಿ ಬಂದರೆ, ಅದರ ಆಘಾತಶಕ್ತಿಯು ಎರಡು ಪಾಲಲ್ಲ, ನಾಲ್ಕು ಪಾಲಾಗುತ್ತದೆ. ಈ ವೇಗವು ಫಲಕವೊಂದರಿಂದಲೇ ತಗ್ಗದು. ಬೀದಿಯ ತಿರುವನ್ನು ಕಿರಿದುಗೊಳಿಸಿದರೆ ಚಾಲಕನು ನಿಧಾನಿಸಲೇಬೇಕು. ದಾಟುವೆಡೆಯನ್ನು ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದರೂ ಅಷ್ಟೇ. ಅಗಲವಾದ ರಸ್ತೆಯ ನಡುವೆ ನಿಲ್ಲಲೊಂದು ಕಟ್ಟೆಯಿದ್ದರೆ, ದಾಟುವವನು ಒಮ್ಮೆಗೆ ಒಂದೇ ದಿಕ್ಕಿನ ವಾಹನಗಳನ್ನು ಗಮನಿಸಿದರೆ ಸಾಕು.

ಇದು ಪರದೇಶಕ್ಕೆ ಮಾತ್ರ ಸಾಧ್ಯವೆನ್ನಲಾಗದು. ಚೆನ್ನೈಯ ಪಾಂಡಿ ಬಜಾರಿನಲ್ಲಿ ವಾಹನಗಳ ಹಾದಿಯನ್ನು ಕುಗ್ಗಿಸಿ, ವಿಶಾಲವಾದ ಕಾಲುದಾರಿಗಳನ್ನು ಕಟ್ಟಿ, 2019ರಲ್ಲಿ ಜನರಿಗೆ ಒಪ್ಪಿಸಿದರು.

ಬಂಧುಗಳೇ, ನೀವು ದಿನವೂ ದಾಟುವ ಅಪಾಯದ ಸ್ಥಳವನ್ನು ಗುರುತಿಸಿ, ಹತ್ತು ಮಂದಿ ಸಹಿ ಹಾಕಿ, ನಗರಪಾಲಿಕೆಯ ವಾರ್ಡು ಕಚೇರಿಗೆ ಅರ್ಜಿ ಕೊಡಿರಿ. ಚೆನ್ನಾಗಿ ಅರ್ಜಿ ಬರೆಯಬಲ್ಲ ಗುಮಾಸ್ತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ಮಗನ ದಾರಿ ನೋಡುವ ತಾಯಂದಿರು ಊರಿನಲ್ಲಿದ್ದಾರೆ.