ಜಗಲಿಯ ಕುಂಡದ ನಿಂಬೆ ಎಲೆ ಉದುರಿಸಿತೇ? ನೀರಿನ ತಂಬಿಗೆ ಕೆಳಗಿಡಿ!

ನಿಂಬೆ, ಗಜನಿಂಬೆ, ಕಂಚಿ ಬೇಡದ ಅಡುಗೆಮನೆ ನಮ್ಮ ಘಟ್ಟದ ಮೇಲೆ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಎಷ್ಟೋ ರೈತರು ಕಸಿ ಗಿಡ ತಂದು, ಹಿತ್ತಲಲ್ಲಿ ಜಾಗ ಹಸನಾಗುವವರೆಗೆ ಕುಂಡದಲ್ಲೇ ಸಾಕುತ್ತಾರೆ. ಆರಿದ್ರಾ ಮಳೆ ಜೋರಾದಾಗ ಗಿಡವನ್ನು ಜಗಲಿಗೋ ಪಡಸಾಲೆಗೋ ಸೇರಿಸುತ್ತಾರೆ. ಎರಡು ವಾರದಲ್ಲಿ ಎಲೆ ಹಳದಿಯಾಗಿ ಉದುರತೊಡಗುತ್ತದೆ. ಬಾಯಾರಿಕೆಯಿರಬೇಕೆಂದು ಮನೆಯವರು ಇನ್ನೊಂದು ತಂಬಿಗೆ ನೀರು ಹೊಯ್ಯುತ್ತಾರೆ. ಆಶ್ಲೇಷಾ ಮಳೆ ಮುಗಿಯುವಷ್ಟರಲ್ಲಿ ಗಿಡ ಬೋಳಾಗಿ, ಬೇಲಿಯಾಚೆ ಬೀಳುತ್ತದೆ. ಹೀಗೆ ಎಸೆದ ಗಿಡಗಳಲ್ಲಿ ಜೀವವಿದ್ದವೂ ಇರುತ್ತವೆ. ಸ್ವಲ್ಪ ಎಚ್ಚರ ವಹಿಸಿದರೆ ಅವನ್ನು ಉಳಿಸಿಕೊಳ್ಳಬಹುದು.

ಎಲೆಯೇ ಗಿಡದ ಕಣಜ

ನಿಂಬೆ ಜಾತಿಯ ಗಿಡ ಸದಾ ಹಸಿರು. ಅದರ ಎಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಳಬಲ್ಲದು. ಮುಂದಿನ ಚಿಗುರಿಗೂ ಹೂವಿಗೂ ಬೇಕಾದ ಆಹಾರದ ಬಹುಪಾಲನ್ನು ಗಿಡ ಎಲೆಯಲ್ಲಿ ಕೂಡಿಡುತ್ತದೆ. ಆದ್ದರಿಂದ ಹಳೆಯ ನಾಲ್ಕೆಲೆ ಬಿದ್ದರೆ ಚಿಂತೆಯಿಲ್ಲ; ಗಿಡವೇ ಬೋಳಾದರೆ ಮುಂದಿನ ಫಸಲಿಗೆ ಪೆಟ್ಟು ಬಿತ್ತೆಂದೇ ತಿಳಿಯಿರಿ.

ಕಾರಣ ಮೂರು

ಮೊದಲನೆಯದು ಬೇರಿನ ಉಸಿರು ಕಟ್ಟುವುದು. ಬಿಸಿಲಿಲ್ಲದ ಮಳೆಗಾಲದಲ್ಲಿ ಎಲೆಗಳು ನೀರನ್ನು ಬಹಳ ನಿಧಾನವಾಗಿ ಹೊರಬಿಡುತ್ತವೆ. ಹೊಯ್ದ ನೀರು ಕುಂಡದಲ್ಲೇ ನಿಂತು ಮಣ್ಣಿನೊಳಗಿನ ಗಾಳಿಯನ್ನು ಹೊರದೂಡುತ್ತದೆ. ಅಂಥ ಜೌಗಿನಲ್ಲಿ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಬೇರನ್ನು ಕೊಳೆಸುತ್ತದೆ. ಅಡಿಕೆ ಬೆಳೆಗಾರರಿಗೆ ಈ ಬಳಗ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಆ ರೋಗಕ್ಕೂ ಇದೇ ಬಳಗದ ಜೀವಿಯೇ ಕಾರಣವೆಂದು ತೋರಿಸಿದ್ದರು.

ಎರಡನೆಯದು ಬೆಳಕಿನ ಕೊರತೆ. ಬೇಸಿಗೆಯ ಬಿಸಿಲಿಗೆ ಹೊಂದಿಕೊಂಡ ಎಲೆ, ಒಂದೇ ದಿನದಲ್ಲಿ ಕತ್ತಲೆಯ ಮೂಲೆ ಸೇರಿದರೆ ತನ್ನ ಹೊಟ್ಟೆಗೆ ಬೇಕಾದಷ್ಟನ್ನೂ ದುಡಿಯಲಾರದು. ಆಗ ಗಿಡ ಅದನ್ನು ಉದುರಿಸಿಬಿಡುತ್ತದೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಪೆಟ್ಟಿಗೆಯಲ್ಲಿ ಬೆಳೆಸಿದ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಒಳಗಿಡಲು 1684ರಿಂದ 1686ರವರೆಗೆ ದೊಡ್ಡ ಕಟ್ಟಡವನ್ನೇ ಕಟ್ಟಿದರು. ಅದರ ಎತ್ತರದ ಕಿಟಕಿಗಳು ದಕ್ಷಿಣಕ್ಕೆ ಮುಖ ಮಾಡಿವೆ. ಒಳಗಿಟ್ಟರೂ ಬೆಳಕು ತಪ್ಪಬಾರದೆಂಬುದು ಅಲ್ಲಿಯ ಪಾಠ.

ಮೂರನೆಯದು ಹೊಗೆ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುವುದು ನಿಮಗೆ ಗೊತ್ತು. ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲ ಕಾಯನ್ನು ಹಣ್ಣಾಗಿಸುತ್ತದೆ. ಅದೇ ಅನಿಲ ನಿಂಬೆಯ ಎಲೆಯನ್ನೂ ಉದುರಿಸುತ್ತದೆ. ಆದ್ದರಿಂದ ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆಗಳ ಬಳಿ ಕುಂಡ ಇಡಲೇಬಾರದು.

ಮಳೆಗೆ ಮೊದಲೇ ಸಿದ್ಧತೆ

ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ಎಂದು ಮೇ ತಿಂಗಳಲ್ಲೇ ನೋಡಿ. ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮಪಾಲು ಬೆರೆಸಿ ತುಂಬಿ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ಕೆಳಗೆ ತಟ್ಟೆ ಇಡಬೇಡಿ.

ಗಿಡವನ್ನು ಒಮ್ಮೆಲೇ ಒಳಗೆ ತರಬೇಡಿ. ಒಂದು ವಾರ ಮರದ ನೆರಳಿನಲ್ಲಿಟ್ಟು, ಅನಂತರ ಜಗಲಿಯ ಹೊರ ಅಂಚಿಗೆ ತನ್ನಿ. ಸೂರಿನ ನೀರು ಬೀಳದ, ಬಾನಿನ ಬೆಳಕು ಕಾಣುವ ಜಾಗವೇ ಉತ್ತಮ. ಮಳೆ ಹೊಳವಾದ ದಿನ ಅಂಗಳಕ್ಕಿಟ್ಟರೆ ಇನ್ನೂ ಒಳ್ಳೆಯದು.

ನೀರು ಹೊಯ್ಯುವ ಮೊದಲು ಬೆರಳನ್ನು ಎರಡು ಅಂಗುಲ ಮಣ್ಣಿಗೆ ಇಳಿಸಿ ನೋಡಿ. ತೇವ ತಗುಲಿದರೆ ನೀರು ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ನೀರು ಬೇಕಾಗದೆಯೂ ಇರಬಹುದು.

ಚಳಿಯಲ್ಲಿ

ಡಿಸೆಂಬರ್, ಜನವರಿಯ ಇಬ್ಬನಿಯ ದಿನಗಳಲ್ಲಿ ಮಾತು ಬೇರೆ. ಮಣ್ಣು 12–13 ಡಿಗ್ರಿಯಷ್ಟು ತಣ್ಣಗಾದರೆ ಬೇರು ನೀರೆಳೆಯುವುದನ್ನು ಬಹುತೇಕ ನಿಲ್ಲಿಸುತ್ತದೆ. ಮೇಲೆ ಬಿಸಿಲು, ಕೆಳಗೆ ತಂಪು ಎಂದಾದರೆ ಮಣ್ಣು ಒದ್ದೆಯಿದ್ದರೂ ಎಲೆ ಬಾಡಿ ಬೀಳುತ್ತದೆ. ಕುಂಡವನ್ನು ಕಲ್ಲುಚಪ್ಪಡಿಯ ಮೇಲಿಡದೆ ಹಲಗೆಯ ಮೇಲಿಡಿ. ಸುತ್ತ ಒಣ ಸೋಗೆ ಕಟ್ಟಿ. ನೀರನ್ನು ಸಂಜೆ ಹೊಯ್ಯದೆ, ಬಿಸಿಲೇರಿದ ಮೇಲೆ ಹೊಯ್ಯಿರಿ. ಈ ಕಾಲದ ಒಣಹವೆಯಲ್ಲಿ ಎಲೆಯಡಿ ಕೆಂಪು ನುಸಿ ಸೇರಬಹುದು. ವಾರಕ್ಕೊಮ್ಮೆ ಎಲೆಯ ಕೆಳಬದಿಯನ್ನು ನೀರಿನಿಂದ ತೊಳೆಯಿರಿ.

ಎಲೆ ಉದುರಿದ ಮೇಲೆ

ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ಆಗ ಗೊಬ್ಬರ ಹಾಕಬೇಡಿ. ಎಲೆಯಿಲ್ಲದ ಗಿಡಕ್ಕೆ ಅದು ಅಜೀರ್ಣ. ನೀರನ್ನು ತೀರಾ ಕಡಿಮೆ ಮಾಡಿ. ಚಿಗುರು ಕಾಣುವವರೆಗೆ ಕೊಂಬೆ ಕಡಿಯಬೇಡಿ. ಆಮೇಲೆ ಒಣಗಿದ್ದನ್ನಷ್ಟೇ ತೆಗೆಯಿರಿ.

ಮಣ್ಣು ನಾತ ಹೊಡೆದರೆ ಗಿಡವನ್ನು ಹೆಂಟೆ ಸಮೇತ ಹೊರತೆಗೆಯಿರಿ. ಕಪ್ಪಾಗಿ ಸಿಪ್ಪೆ ಕಳಚುವ ಬೇರನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಿ. ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕದಡಿ ಬುಡಕ್ಕೆ ಹೊಯ್ಯಿರಿ. ಕಾಂಡದಿಂದ ಅಂಟು ಸೋರುತ್ತಿದ್ದರೆ ಆ ಜಾಗವನ್ನು ಕೆರೆದು ಬೋರ್ಡೊ ಮುಲಾಮು ಬಳಿಯಿರಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕಲಸಿ, ಬಳಿಕ ಕೂಡಿಸಿದರೆ ಮುಲಾಮು ಸಿದ್ಧ. ಇದಕ್ಕೆ ಕಬ್ಬಿಣದ ಪಾತ್ರೆ ಸಲ್ಲದು. ಮಾಡಿದ ದಿನವೇ ಬಳಸಿ ಮುಗಿಸಬೇಕು.

ಚಿಗುರು ಬಂದ ಗಿಡವನ್ನೂ ಮಳೆ ಮುಗಿದೊಡನೆ ನಡುಬಿಸಿಲಿಗೆ ನೂಕಬಾರದು. ಎಂಟು ಹತ್ತು ದಿನ ಬೆಳಗಿನ ಬಿಸಿಲು ಮಾತ್ರ ಕೊಟ್ಟು, ಆಮೇಲೆ ಅಂಗಳಕ್ಕಿಳಿಸಿ. ಈ ವರ್ಷ ನಿಮ್ಮ ಮನೆಯ ಕುಂಡದ ಗಿಡ ಬೋಳಾದರೆ, ಬೇಲಿಯಾಚೆ ಎಸೆಯುವ ಮುನ್ನ ಒಮ್ಮೆ ಉಗುರು ಆಡಿಸಿ ನೋಡಿ.