ಕೆಲಸ ಇತ್ತು, ಕೂಲಿ ಇರಲಿಲ್ಲ

ದೇಶದ ಆರ್ಥಿಕತೆ ಕುಗ್ಗಿತು ಅಂತ ಟೀವಿಯಲ್ಲಿ ಹೇಳಿದರೆ ಅದು ದೆಹಲಿಯ ಸುದ್ದಿ ಅನ್ನಿಸುತ್ತೆ. ಹಿರಿಯೂರು ಪಕ್ಕದ ನಮ್ಮ ಆದಿವಾಲದಲ್ಲಿ ಅದು ಬೇರೆ ಥರ ಗೊತ್ತಾಗುತ್ತೆ. ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಲಾರಿ ಕಡಿಮೆಯಾದರೆ ಟೀ ಅಂಗಡಿ, ಪಂಕ್ಚರ್ ಅಂಗಡಿ, ಡಾಬಾ ಎಲ್ಲದರ ಗಲ್ಲಾಪೆಟ್ಟಿಗೆ ಒಟ್ಟಿಗೇ ಹಗುರಾಗುತ್ತೆ.

ನಮ್ಮ ತಾತಂದಿರ ಕಾಲದಲ್ಲಿ ದೇಶ ಕುಗ್ಗುತ್ತಿದ್ದದ್ದು ಮಳೆ ಕೈಕೊಟ್ಟಾಗ. 1965-66 ಹಾಗೆ, 1979-80 ಹಾಗೆ. ಹೊಲ ಒಣಗುತ್ತಿತ್ತು, ಪೇಟೆಯಲ್ಲಿದ್ದ ಮಗ ಮನಿಯಾರ್ಡರ್ ಕಳಿಸುತ್ತಿದ್ದ. 2020ರಲ್ಲಿ ಇದು ತಿರುಗುಮುರುಗಾಯಿತು. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಶೇ 23.9ರಷ್ಟು ಬಿತ್ತು ಅಂತ ಸರ್ಕಾರ ಆಗಸ್ಟ್ 31ರಂದು ಹೇಳಿತು. ಕಟ್ಟಡ ಕೆಲಸ ಅರ್ಧಕ್ಕರ್ಧ ನಿಂತಿತ್ತು. ವ್ಯಾಪಾರ, ಹೋಟೆಲ್, ಸಾರಿಗೆ ಸೇರಿ ಶೇ 47ರಷ್ಟು ಕುಸಿದಿತ್ತು. ಏರಿದ್ದು ಬೇಸಾಯ ಒಂದೇ, ಶೇ 3.4. ಪೇಟೆಯಿಂದ ಬಂದವರಿಗೆಲ್ಲ ಅನ್ನ ಕೊಡೋದು ಈಗ ಹೊಲದ ಸರದಿ.

ನಾನು ಸಾಫ್ಟ್‌ವೇರ್ ಕೆಲಸದವನು. ಅಂಕಿ ಕಂಡರೆ ಭಾಗಿಸಿ ನೋಡುವ ಚಟ. ಹಾಗೆ ನೋಡಿದಾಗ ಸಿಕ್ಕಿದ್ದು ಇದು: ಹೊಲದ ಗಳಿಕೆ ಏರಿದ್ದು ನೂರಕ್ಕೆ ಮೂರೂವರೆ ರೂಪಾಯಿಯೂ ಇಲ್ಲ, ಅದನ್ನು ಹಂಚಿಕೊಳ್ಳೋ ಕೈಗಳು ಮಾತ್ರ ಜಾಸ್ತಿ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲೂ ಇದು ಕಾಣುತ್ತೆ. ದುಡಿಯುವವರಲ್ಲಿ ಬೇಸಾಯದಲ್ಲಿದ್ದವರ ಪಾಲು 2018-19ರಲ್ಲಿ ಶೇ 42.5 ಇದ್ದದ್ದು 2019-20ಕ್ಕೆ ಶೇ 45.6 ಆಯಿತು. ಎಷ್ಟೋ ವರ್ಷದಿಂದ ಇಳಿಯುತ್ತಾ ಬಂದಿದ್ದ ಸಂಖ್ಯೆ ಅದು.

ಎರಡೆಕರೆ ಇರೋ ಒಂದು ಮನೆ ಅಂದುಕೊಳ್ಳಿ. ಶೇಂಗಾ ಇಲ್ಲಾ ಈರುಳ್ಳಿ. ಕಳೆ ತೆಗೆಯೋಕೆ ಪ್ರತಿ ವರ್ಷ ಐದಾರು ಹೆಣ್ಣಾಳು ಕರೀತಿದ್ದರು. ಬೆಂಗಳೂರಿಂದ ಮಗ, ಸೊಸೆ ವಾಪಸ್ ಬಂದರು. ‘ಮನೇಲೇ ಜನ ಇದಾರಲ್ಲ’ ಅಂತ ಆಳು ಕರೆಯೋದು ನಿಂತಿತು. ಮಗನಿಗೆ ಕೆಲಸ ಸಿಕ್ಕಿತು ಅಂತ ಸಮೀಕ್ಷೆಯವರು ಬರ್ಕೋತಾರೆ, ಆದರೆ ಅವನ ಕೈಗೆ ಒಂದು ರೂಪಾಯಿ ಬರಲ್ಲ. ಆ ಕಡೆ ಜಮೀನಿಲ್ಲದ ಮನೆಯ ಹೆಂಗಸಿನ ದಿನಗೂಲಿ ಹೋಯಿತು. ಬೆಂಗಳೂರಲ್ಲಿ ನಿಂತ ಕೆಲಸಕ್ಕೆ ಕೊನೆಗೆ ಬೆಲೆ ತೆತ್ತವಳು ಬೆಂಗಳೂರು ನೋಡದೇ ಇದ್ದವಳು. ಮುಯ್ಯಾಳು ಪದ್ಧತಿ ಮತ್ತೆ ಬಂತು ಅಂತ ಕೆಲವರು ಖುಷಿಪಟ್ಟರು. ನನಗೆ ಅದರಲ್ಲಿ ಅಷ್ಟು ಖುಷಿ ಕಾಣಲಿಲ್ಲ. ಮುಯ್ಯಿ ತೀರಿಸೋಕೆ ಸ್ವಂತದ್ದೊಂದು ಹೊಲ ಬೇಕಲ್ಲ.

ಹೆಂಗಸರ ವಿಷಯದಲ್ಲಂತೂ ಅಂಕಿ ಇನ್ನೂ ವಿಚಿತ್ರ. ಅದೇ ಸಮೀಕ್ಷೆ ಪ್ರಕಾರ ದುಡಿಮೆಯಲ್ಲಿದ್ದ, ಇಲ್ಲಾ ಕೆಲಸ ಹುಡುಕುತ್ತಿದ್ದ ಹೆಂಗಸರು 2018-19ರಲ್ಲಿ ನೂರಕ್ಕೆ 24.5, 2020-21ರಲ್ಲಿ 32.5. ಇದನ್ನೇ ಪ್ರಗತಿ ಅಂದವರೂ ಇದ್ದರು. ಅದರಲ್ಲಿ ಎಷ್ಟೋ ಜನರದ್ದು ಸ್ವಂತ ಹೊಲ, ಸ್ವಂತ ಹಸು, ಸಂಬಳ ಇಲ್ಲ.

ಉದ್ಯೋಗ ಖಾತ್ರಿ ಇತ್ತಲ್ಲ ಅಂತೀರಾ? ಇತ್ತು, ತುಂಬಾ ಮನೆಗಳನ್ನು ಅದೇ ಕಾಪಾಡಿತು. ಕರ್ನಾಟಕದಲ್ಲಿ ಕೂಲಿ 249ರಿಂದ 275 ರೂಪಾಯಿಗೆ ಏರಿತು. ಆದರೆ ನೂರು ದಿನ ಅನ್ನೋದು ತಲೆಗಲ್ಲ, ಇಡೀ ಮನೆಗೆ. ನೂರೂ ದಿನ ಸಿಕ್ಕಿದರೂ ವರ್ಷಕ್ಕೆ 27,500. ಪೇಟೆಯಲ್ಲಿ ತಿಂಗಳಿಗೆ 12,000 ದುಡಿಯುತ್ತಿದ್ದ ಮಗನದ್ದು ವರ್ಷಕ್ಕೆ 1,44,000. ಐದನೇ ಒಂದು ಭಾಗವೂ ಆಗಲಿಲ್ಲ.

ಆದಾಯ ಕುಗ್ಗಿದ ಹಾಗೆ ಕಂತು ಕುಗ್ಗಲ್ಲ, ಅದು ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸಿದ್ದು. ಸಂಘದ ವಾರದ ಕಂತು, ಬೈಕಿನ ಸಾಲ ಎಲ್ಲ ಒಳ್ಳೇ ದಿನದ ಲೆಕ್ಕದಲ್ಲಿ ಬರೆದದ್ದು. ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡೋಕೆ ಅವಕಾಶ ಕೊಟ್ಟಿತು, ಬಡ್ಡಿ ಮಾತ್ರ ಬೆಳೀತಾ ಹೋಯಿತು. ಅದೇ ಆಗಸ್ಟ್‌ನಲ್ಲಿ ಬ್ಯಾಂಕುಗಳು ಒಡವೆ ಬೆಲೆಯ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಬಹುದು ಅಂತಾಯಿತು. ಅಮ್ಮಂದಿರ ಕೊರಳಿಂದ ಸರ ಇಳಿದದ್ದು ಆವಾಗ. ಗಂಡಸರ ಕೆಲಸ ಹೋಗಿದ್ದಕ್ಕೆ ಹೆಂಗಸರ ಉಳಿತಾಯ ಅಡ ಬಿತ್ತು ಅಂತ ಯಾವ ಕೋಷ್ಟಕದಲ್ಲೂ ಬರೆಯಲ್ಲ.

ತಡೆದುಕೊಂಡ ಮನೆಗಳು ಯಾವುವು? ಸಂಬಳ ದೊಡ್ಡದಿದ್ದ ಮನೆಗಳೇ ಅಂತೇನಿಲ್ಲ. ಒಬ್ಬರ ಪಿಂಚಣಿ, ಎರಡು ಹಸುವಿನ ಡೇರಿ ದುಡ್ಡು, ಒಬ್ಬರು ಅಂಗನವಾಡಿ ಹೀಗೆ ಬೇರೆ ಬೇರೆ ಕಡೆಯಿಂದ ಸಣ್ಣಸಣ್ಣದಾಗಿ ಬರುತ್ತಿದ್ದ ಮನೆಗಳು. ಇಬ್ಬರು ಮಕ್ಕಳೂ ಬೆಂಗಳೂರಲ್ಲಿ ಒಂದೇ ಥರದ ಕೆಲಸದಲ್ಲಿದ್ದರೆ ಅದು ಎರಡು ಸಂಬಳ ಅಲ್ಲ, ಒಂದೇ. ನಮ್ಮ ಐಟಿಯವರ ಮನೆಗಳಿಗೂ ಈ ಮಾತು ಅನ್ವಯಿಸುತ್ತೆ.

ತೆಂಗು ಇದ್ದಿದ್ದರೆ ನಮ್ಮ ಕಡೆ ಕಥೆ ಬೇರೆ ಇರುತ್ತಿತ್ತು. ಕೊರೊನಾಕ್ಕೆ ಮುಂಚಿನ ವರ್ಷಗಳಲ್ಲೇ ವಾಣಿವಿಲಾಸ ಸಾಗರ ತಳ ಕಂಡು, ಹಿರಿಯೂರು ಸುತ್ತ ತೋಟಗಳು ಒಣಗಿಹೋಗಿದ್ದವು. 1907ರಲ್ಲಿ ಮುಗಿದ ಆ ಕಟ್ಟೆ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ನೀರು ನಂಬಿ ಆಮೇಲೆ ಸಸಿ ನೆಟ್ಟವರಿಗೆ ಕಾಯಿ ಕೈಗೆ ಬರೋಕೆ ಐದಾರು ವರ್ಷ ಬೇಕು. ಅಲ್ಲೀತನಕ ಸಾಲಿನ ಮಧ್ಯೆ ಈರುಳ್ಳಿ, ಶೇಂಗಾ, ಬದುವಿನ ಹುಲ್ಲು ಹಸುವಿಗೆ.