ಮುಗಿದದ್ದನ್ನು ಮುಗಿಯಿತು ಎನ್ನಲು ಭಯವೇ?

ಜಾತ್ರೆಯಲ್ಲಿ ಗಿಣಿಶಾಸ್ತ್ರದವನ ಮುಂದೆ ನೀವು ಎಂದಾದರೂ ಕೂತಿದ್ದೀರಾ? ಗಿಣಿ ಪಂಜರದಿಂದ ಈಚೆ ಬಂದು ಸಾಲಿನಿಂದ ಒಂದು ಚೀಟಿ ಎಳೆಯುವವರೆಗೆ ಎದೆ ಡವಡವ ಅನ್ನುತ್ತದಲ್ಲ! ದೇವಸ್ಥಾನದಲ್ಲಿ ಪ್ರಸಾದ ಕೇಳಿದಾಗಲೂ ಅಷ್ಟೆ. ಹೂವು ಬಲಕ್ಕೆ ಬೀಳುತ್ತದೋ ಎಡಕ್ಕೋ ಅಂತ ಕಣ್ಣು ಮಿಟುಕಿಸದೆ ಕಾಯುತ್ತೇವೆ. ಮನಸ್ಸು ಹೊಯ್ದಾಡುವಾಗ ‘ಬೇರೆ ಯಾರಾದರೂ ಹೇಳಿಬಿಡಲಿ’ ಎಂಬ ಆಸೆ ಎಲ್ಲ ದೇಶದವರಿಗೂ ಇದೆ. ಪಶ್ಚಿಮದ ನಾಡುಗಳಲ್ಲಿ ಈ ಆಸೆಗೆ ಒದಗುವ ವಸ್ತುಗಳಲ್ಲಿ ಟ್ಯಾರೋ ಕಾರ್ಡು ಒಂದು.

ಕಳೆದ ದೀಪಾವಳಿಗೆ ಪುಣೆಯಿಂದ ಬಂದ ನನ್ನ ಮಗಳ ಚೀಲದಲ್ಲಿ ಇಂಥದೊಂದು ಕಟ್ಟು ಇತ್ತು. ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. “ಅಮ್ಮ, ಮನಸ್ಸಲ್ಲಿ ಒಂದು ಪ್ರಶ್ನೆ ಇಟ್ಕೊಂಡು ಎರಡು ಕಾರ್ಡು ಎತ್ತು” ಅಂದಳು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ.

ಪ್ರಶ್ನೆಗೇನು ಬರ? ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಕ್ಲಾಸು ನಡೆಸುತ್ತಿದ್ದೆ. ಒಂದು ಕಾಲದಲ್ಲಿ ಹದಿನಾಲ್ಕು ಹುಡುಗಿಯರು, ಈಗ ಇಬ್ಬರು. ಮುಚ್ಚಲೋ ಬೇಡವೋ ಎಂದು ಮೂರು ವರ್ಷದಿಂದ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಮೊದಲು ಬಂದದ್ದು ‘ಮೃತ್ಯು’. ಎರಡನೆಯದು ‘ಎರಡು ಖಡ್ಗ’. “ಹಬ್ಬದ ದಿನ ಇದೆಂಥ ಅಪಶಕುನ!” ಎಂದು ನಮ್ಮತ್ತೆ ಎದ್ದೇ ಹೋದರು.

ಇಸ್ಪೀಟಿನ ಮನೆಯಿಂದ ಬಂದದ್ದು

ಹೆದರುವ ಮೊದಲು ಇದರ ಹುಟ್ಟು ತಿಳಿದುಕೊಳ್ಳೋಣ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಉತ್ತರ ಇಟಲಿಯ ಮಿಲಾನ್, ಫೆರಾರಾ ಮುಂತಾದ ಕಡೆಯ ಶ್ರೀಮಂತರ ಮನೆಗಳಲ್ಲಿ. ಆಗ ಅದು ಭವಿಷ್ಯ ಹೇಳುವ ಸಾಧನವಲ್ಲ, ಬರೀ ಇಸ್ಪೀಟಿನಂಥ ಆಟ! ಫ್ರಾನ್ಸಿನಲ್ಲಿ ಇವತ್ತಿಗೂ ಟ್ಯಾರೋ ಆಡುವವರಿದ್ದಾರೆ. 1781ರಲ್ಲಿ ಕೂರ್ ದ ಜೆಬೆಲ್ಯಾಂ ಎಂಬ ಫ್ರೆಂಚ್ ಪಂಡಿತ, ಇದರಲ್ಲಿ ಪ್ರಾಚೀನ ಈಜಿಪ್ಟಿನ ಗುಪ್ತ ಜ್ಞಾನವಿದೆ ಎಂದು ಬರೆದ. ಅದಕ್ಕೆ ಆಧಾರವಿರಲಿಲ್ಲ. ಆದರೂ ಆಮೇಲೆ ಕಣಿ ಹೇಳುವವರ ಕೈಯಲ್ಲಿ ಕಾರ್ಡಿಗೆ ಹೊಸ ಬಾಳು ಬಂತು.

ಇಂದು ಹೆಚ್ಚು ಬಳಕೆಯಲ್ಲಿರುವ ಚಿತ್ರಗಳು ಲಂಡನ್ನಿನಲ್ಲಿ 1909ರಲ್ಲಿ ಪ್ರಕಟವಾದವು. ಒಟ್ಟು 78 ಕಾರ್ಡು. ಬರೆಸಿದವನು ಎ. ಇ. ವೇಟ್, ಪ್ರಕಟಿಸಿದವರು ರೈಡರ್. ಬಹುಕಾಲ ಇವರಿಬ್ಬರ ಹೆಸರಲ್ಲೇ ಆ ಕಟ್ಟು ಮಾರಾಟವಾಯಿತು. ಚಿತ್ರ ಬರೆದವಳು ಮಾತ್ರ ಒಬ್ಬ ಹೆಂಗಸು, ಪಮೇಲಾ ಕೋಲ್ಮನ್ ಸ್ಮಿತ್. ಕೈಗೆ ಸಿಕ್ಕ ಹಣ ಅಲ್ಪ. 1951ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ಬಡತನದಲ್ಲೇ ತೀರಿಕೊಂಡಳು. ಗುರುತಿಗೆ ಕಾರ್ಡಿನ ಮೂಲೆಯಲ್ಲಿ ಅವಳ ಪುಟ್ಟ ಸಹಿ ಉಳಿದಿದೆ. ಹೆಂಗಸರ ದುಡಿಮೆಯ ಕಥೆ ಎಲ್ಲೆಲ್ಲೂ ಒಂದೇ ಅಂತೀರಾ?

ಕಪ್ಪು ಬಾವುಟ, ಬಿಳಿ ಹೂವು

ಹದಿಮೂರನೆಯ ಕಾರ್ಡು ಮೃತ್ಯು. ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆಯ ಮೇಲೆ ಬರುತ್ತಿದೆ. ನೆಲದಲ್ಲಿ ರಾಜ ಸತ್ತು ಬಿದ್ದಿದ್ದಾನೆ, ಕಿರೀಟ ಉರುಳಿದೆ. ಎದುರಿಗೆ ಧರ್ಮಗುರು ಕೈ ಜೋಡಿಸಿ ನಿಂತಿದ್ದಾನೆ. ಯುವತಿ ಮುಖ ತಿರುಗಿಸಿಕೊಂಡಿದ್ದಾಳೆ. ಒಂದು ಮಗು ಮಾತ್ರ ಮೊಣಕಾಲೂರಿ ಕುದುರೆಯ ಕಡೆಗೇ ಮುಖ ಮಾಡಿದೆ.

ಇಷ್ಟನ್ನೇ ನೋಡಿದರೆ ಎದೆ ಧಸಕ್ ಅನ್ನುವುದು ಸಹಜ. ಆದರೆ ಬಾವುಟದ ಮೇಲೆ ನೋಡಿ: ಐದು ದಳದ ಬಿಳಿ ಗುಲಾಬಿ. ದೂರದಲ್ಲಿ ಹೊಳೆ, ದೋಣಿ. ಎರಡು ಗೋಪುರಗಳ ನಡುವೆ ಸೂರ್ಯ. ಅದಕ್ಕೇ ಕಾರ್ಡು ಓದುವವರು ಇದನ್ನು ‘ಸಾವು’ ಎಂದು ಅರ್ಥ ಮಾಡುವುದು ಕಡಿಮೆ. ‘ಒಂದು ಅಧ್ಯಾಯ ಮುಗಿಯಿತು, ಮುಂದಿನದಕ್ಕೆ ಜಾಗ ಬಿಡಿ’ ಎನ್ನುತ್ತಾರೆ. ಮಗಳನ್ನು ಧಾರೆಯೆರೆದು ಕೊಟ್ಟ ದಿನ ತವರಿನಲ್ಲಿ ಮುಗಿಯುವುದೂ ಒಂದು ಅಧ್ಯಾಯವೇ ತಾನೆ?

ಕಣ್ಣಿಗೆ ಬಟ್ಟೆ ಕಟ್ಟಿದವರಾರು?

ಎರಡು ಖಡ್ಗದ ಕಾರ್ಡಿನಲ್ಲಿ ಒಬ್ಬ ಹೆಂಗಸು ಕಲ್ಲಿನ ಆಸನದ ಮೇಲೆ ಕೂತಿದ್ದಾಳೆ. ಕಣ್ಣಿಗೆ ಬಟ್ಟೆ. ಎದೆಯ ಮೇಲೆ ಕೈ ಅಡ್ಡಡ್ಡ ಕಟ್ಟಿ ಎರಡು ಉದ್ದನೆಯ ಕತ್ತಿಗಳನ್ನು ಎತ್ತಿ ಹಿಡಿದಿದ್ದಾಳೆ. ಹಿಂದೆ ನೀರು, ನೀರಿನಲ್ಲಿ ಬಂಡೆಗಳು, ಮೇಲೆ ಎಳೆ ಚಂದ್ರ. ವೇಟ್ ತನ್ನ ಪುಸ್ತಕದಲ್ಲಿ ಇದಕ್ಕೆ ಸಮತೋಲ, ಧೈರ್ಯ, ಸ್ನೇಹ ಎಂದೆಲ್ಲ ಅರ್ಥ ಕೊಟ್ಟಿದ್ದಾನೆ. ಈಗಿನವರು ಹೆಚ್ಚಾಗಿ ಹೇಳುವುದು ‘ತೀರ್ಮಾನ ಮಾಡಲಾಗದ ಸ್ಥಿತಿ’ ಎಂದು.

ಮಗಳು ಕೇಳಿದಳು: “ಅಮ್ಮ, ಇವಳ ಕೈ ಯಾರಾದ್ರೂ ಕಟ್ಟಿದ್ದಾರಾ?” ನೋಡಿದೆ. ಇಲ್ಲ. ಒಂದು ಕತ್ತಿ ಕೆಳಗಿಟ್ಟರೆ ಸಾಕು, ಕಣ್ಣಿನ ಬಟ್ಟೆ ತಾನೇ ಬಿಚ್ಚಬಹುದು. ಆದರೆ ಬಿಚ್ಚಿದರೆ ಹಿಂದಿನ ನೀರೂ ಬಂಡೆಯೂ ಕಣ್ಣಿಗೆ ಬೀಳುತ್ತವಲ್ಲ! ಅದೇ ಭಯ.

ಎರಡೂ ಒಟ್ಟಿಗೆ ಬಂದರೆ?

ಒಂದು ಕಾರ್ಡು ಮುಗಿದಿದೆ ಎನ್ನುತ್ತದೆ. ಇನ್ನೊಂದು ನೋಡಲಾರೆ ಎನ್ನುತ್ತದೆ. ಜೋಡಿಯಾಗಿ ಓದಿದರೆ ಬರುವ ಅರ್ಥ ಇಷ್ಟು: ಕುದುರೆ ಬಾಗಿಲಿಗೆ ಬಂದಾಗಿದೆ, ನೀವಿನ್ನೂ ಕಣ್ಣು ಕಟ್ಟಿಕೊಂಡು ‘ಬರಲೋ ಬೇಡವೋ’ ಎಂದು ತೂಗುತ್ತಿದ್ದೀರಿ. ತೀರ್ಮಾನ ಆಗಿಹೋಗಿದೆ, ಒಪ್ಪಿಕೊಳ್ಳುವುದಷ್ಟೇ ಬಾಕಿ.

ಕಾರ್ಡಿಗೆ ನನ್ನ ಮನೆಯ ವಿಷಯ ಹೇಗೆ ಗೊತ್ತು? ಗೊತ್ತಿಲ್ಲ. 78ರಲ್ಲಿ ಯಾವುದು ಬೇಕಾದರೂ ಬರಬಹುದಿತ್ತು. ಬೇರೆ ಬಂದಿದ್ದರೆ ಅದರಲ್ಲೂ ನನ್ನ ಕಥೆಯನ್ನೇ ಹುಡುಕುತ್ತಿದ್ದೆ. ಆದರೆ ಆ ಪ್ರಶ್ನೆ ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು: ಬಟ್ಟೆ ಬಿಚ್ಚಿದರೆ ನನಗೇನು ಕಾಣುತ್ತೆ?

ರಾತ್ರಿ ಎಲ್ಲರೂ ಮಲಗಿದ ಮೇಲೆ ಲೆಕ್ಕದ ಪುಸ್ತಕ ತೆಗೆದೆ. ಎರಡು ವರ್ಷದಿಂದ ಬಂದ ಫೀಸು ಸಹಾಯಕಿಯ ಸಂಬಳಕ್ಕೂ ಸಾಲುತ್ತಿರಲಿಲ್ಲ. ನಮ್ಮವರ ಪಿಂಚಣಿಯಿಂದ ತುಂಬುತ್ತಿದ್ದೆ. ಅದು ಗೊತ್ತಿತ್ತು, ಕೂಡಿಸಿ ನೋಡಿರಲಿಲ್ಲ ಅಷ್ಟೆ.

ಮಾರನೆಯ ದಿನ ಸಹಾಯಕಿಯನ್ನು ಕೂರಿಸಿಕೊಂಡು ಮಾತಾಡಿದೆ. ಹನ್ನೊಂದು ವರ್ಷ ನನ್ನ ಜೊತೆ ಇದ್ದವಳು. ಕಾಜ ಹೊಲಿಯುತ್ತಾ, ತಲೆ ಎತ್ತದೆ ಹೇಳಿದಳು: “ಗಾರ್ಮೆಂಟ್ಸಿನವರು ಎರಡು ಸಲ ಕರೆದಿದ್ರು ಅಕ್ಕ. ನೀವು ಮುಚ್ಚೋದೂ ಇಲ್ಲ, ನಡೆಸೋದೂ ಇಲ್ಲ. ನಿಮ್ಮನ್ನ ಬಿಟ್ಟು ಹ್ಯಾಗೆ ಹೋಗ್ಲಿ ಅಂತ ಸುಮ್ಮನಾದೆ.”

ಅಬ್ಬಾ! ಅವಳಿಗೋಸ್ಕರ ಕ್ಲಾಸು ಉಳಿಸಿಕೊಂಡಿದ್ದೇನೆ ಎಂದು ನಾನು ತಿಳಿದಿದ್ದೆ. ಅವಳು ನನಗೋಸ್ಕರ ಅನ್ನ ಬಿಟ್ಟಿದ್ದಳು. ವಿಚಾರಿಸಿದೆವು, ಆ ಜಾಗ ಭರ್ತಿಯಾಗಿತ್ತು. ನನ್ನ ಹಿಂಜರಿಕೆಯ ಬೆಲೆಯನ್ನು ಅವಳು ತೆತ್ತಿದ್ದಳು.

ಸಂಕ್ರಾಂತಿಗೆ ಕ್ಲಾಸು ಮುಚ್ಚಿದೆ. ಎರಡು ಯಂತ್ರ ಅವಳಿಗೆ ಕೊಟ್ಟೆ, ನನ್ನ ಹಳೆಯ ಗಿರಾಕಿಗಳನ್ನೂ ಅವಳ ಮನೆಗೆ ಕಳಿಸಿದೆ. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ತಿಂಗಳ ಸಂಬಳದ ನೆಮ್ಮದಿ ಅದರಲ್ಲಿಲ್ಲ. ಅದು ನನಗೆ ಗೊತ್ತು.

ನಿಮಗೊಂದು ಮಾತು

ಇಂಥ ಕಾರ್ಡು ಈಗ ಮೊಬೈಲಿನಲ್ಲೂ ಬರುತ್ತದೆ. ನೋಡಬೇಡಿ ಎನ್ನುವುದಿಲ್ಲ, ಕೆಲವು ಎಚ್ಚರ ಮಾತ್ರ ಇರಲಿ. ‘ಮೃತ್ಯು ಬಂದಿದೆ, ಪರಿಹಾರಕ್ಕೆ ಇಷ್ಟು ಹಣ ಕಟ್ಟಿ’ ಎಂದವರ ಹತ್ತಿರ ಮತ್ತೆ ಹೋಗಬೇಡಿ. ಕಾಯಿಲೆಗೆ ಡಾಕ್ಟರು, ಆಸ್ತಿಗೆ ವಕೀಲರು. ಕಾರ್ಡು ಆ ಜಾಗಕ್ಕೆ ಬರಕೂಡದು.

ಕಾರ್ಡೇ ಇಲ್ಲದೆಯೂ ಈ ಜೋಡಿಯನ್ನು ನೀವು ಉಪಯೋಗಿಸಬಹುದು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆ ಬರೆಯಿರಿ. ನನ್ನ ಬದುಕಿನಲ್ಲಿ ಆಗಲೇ ಮುಗಿದುಹೋದದ್ದು ಯಾವುದು? ನಾನು ನೋಡದೆ ಇರುವ ಲೆಕ್ಕ ಯಾವುದು? ನಾನು ಸುಮ್ಮನೆ ಕೂತಿರುವುದರಿಂದ ಇನ್ಯಾರು ಕಾಯುತ್ತಾ ಕೂತಿದ್ದಾರೆ? ಮೂರನೆಯದನ್ನು ಬಿಡಬೇಡಿ, ನಾನು ಬಿಟ್ಟದ್ದು ಅದನ್ನೇ. ಉತ್ತರ ಬರೆದ ಮೇಲೆ ಒಂದು ತಾರೀಖು ಹಾಕಿಕೊಳ್ಳಿ. ಯುಗಾದಿಯೋ, ಮಕ್ಕಳ ಪರೀಕ್ಷೆ ಮುಗಿದ ವಾರವೋ, ನಿಮಗೆ ಹೊಂದುವ ದಿನ. ಎಲ್ಲ ಮುಗಿದ ವಿಷಯವನ್ನೂ ಅಂದೇ ಕತ್ತರಿಸಬೇಕೆಂದಿಲ್ಲ. ಆದರೆ ದಿನ ಗೊತ್ತುಮಾಡದ ‘ನೋಡೋಣ’ಕ್ಕೆ ಕೊನೆಯೇ ಇರುವುದಿಲ್ಲ.

ಈಗಲೂ ಬೆಳಿಗ್ಗೆ ಹತ್ತು ಗಂಟೆಗೆ ಕಿವಿ ಮುಂದಿನ ಕೋಣೆಯ ಕಡೆಗೇ ಹೋಗುತ್ತದೆ. ಯಂತ್ರದ ಸದ್ದಿಲ್ಲ. ಬೇಸರವಾಗುವುದಿಲ್ಲ ಎಂದರೆ ಸುಳ್ಳು. ಆದರೆ ಅಲ್ಲಿ ನಿಂತು ಕಣ್ಣು ಬಿಟ್ಟು ನೋಡಬಲ್ಲೆ. ನಿಮ್ಮ ಮನೆಯ ಯಾವ ಕೋಣೆಯ ಬಾಗಿಲನ್ನು ನೀವು ನೋಡದೆ ದಾಟುತ್ತಿದ್ದೀರಿ? ಇವತ್ತು ಅಲ್ಲಿ ಒಂದು ಗಳಿಗೆ ನಿಲ್ಲಿ.